ಓಟದ ನಡುವೆ ಕಾಲು ಸೋತಾಗ: ಮುಂಬಯಿಯ ಹೊಸ ಓಟಗಾರರಿಗೆ ಹಂತ ಹಂತದ ದಾರಿ

"ಮೊದಲ ಎರಡು ವಾರ ಚೆನ್ನಾಗಿಯೇ ಓಡಿದೆ. ಮೂರನೆಯ ವಾರದಿಂದ ಕಾಲು ಎತ್ತಿಡುವುದೇ ಕಷ್ಟವಾಗಿದೆ. ನನ್ನ ಮೈಗೆ ಓಟ ಒಗ್ಗುವುದಿಲ್ಲವೇ?"

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಈ ಪ್ರಶ್ನೆ ನನಗೆ ಬರತೊಡಗುತ್ತದೆ. ಡೊಂಬಿವಲಿಯಿಂದ, ಮುಲುಂಡ್‌ನಿಂದ, ಮೀರಾ ರೋಡ್‌ನಿಂದ ಕೇಳುತ್ತಾರೆ. ಮಾಟುಂಗದಲ್ಲಿ ಕನ್ನಡ ಕಾರ್ಯಕ್ರಮ ಮುಗಿಸಿ ಹೊರಬರುವಾಗ ಮೆಟ್ಟಿಲ ಮೇಲೆಯೇ ನಿಲ್ಲಿಸಿ ಕೇಳುವವರೂ ಇದ್ದಾರೆ. ಜನವರಿಯ ಮುಂಬಯಿ ಮ್ಯಾರಥಾನ್‌ಗೆ ಹೆಸರು ಕೊಟ್ಟು ಮೊದಲ ಬಾರಿಗೆ ಬೂಟು ಕಟ್ಟಿದವರು ಇವರಲ್ಲಿ ಹಲವರು. ವೈದ್ಯರು ಸಕ್ಕರೆ ಕಾಯಿಲೆಯ ಎಚ್ಚರಿಕೆ ಕೊಟ್ಟ ಮೇಲೆ ಓಡಲು ಹೊರಟವರು ಇನ್ನು ಕೆಲವರು. ಎಲ್ಲರಿಗೂ ಒಂದೊಂದಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಒಗ್ಗುತ್ತದೆ, ಖಂಡಿತವಾಗಿ ಒಗ್ಗುತ್ತದೆ. ಆದರೆ ನಾವು "ಸುಸ್ತು" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿದ್ದೇವೆ. ವೇಗ ಹೆಚ್ಚಾಗಿ ಬಂದ ಸುಸ್ತು ಒಂದು, ಸೆಖೆಯಿಂದ ಬಂದದ್ದು ಇನ್ನೊಂದು. ನಿನ್ನೆಯ ದಿನ ಮೈಮೇಲೆ ಹೊರಿಸಿದ್ದು ಮೂರನೆಯದು, ಒಳಗಿನ ಕಾಯಿಲೆಯೋ ಕೊರತೆಯೋ ತಂದದ್ದು ನಾಲ್ಕನೆಯದು. ನಾಲ್ಕಕ್ಕೂ ಮದ್ದು ಬೇರೆ. ವೇಗದ ಸುಸ್ತಿಗೆ ವಿಶ್ರಾಂತಿ ತೆಗೆದುಕೊಂಡರೆ ವಾರ ವ್ಯರ್ಥ. ಕಾಯಿಲೆಯ ಸುಸ್ತನ್ನು ಹಟದಿಂದ ಓಡಿ ಗೆಲ್ಲಲು ಹೊರಟರೆ ಆಸ್ಪತ್ರೆ. ಆದ್ದರಿಂದ ದಣಿವು ಬಂದಾಗ ಮೊದಲು ಕೇಳಬೇಕಾದದ್ದು "ಎಲ್ಲಿಂದ ಬಂದೆ?" ಎಂದು.

ಶುರು ಮಾಡುವ ಮುನ್ನ

ಪಾದಕ್ಕೆ ಸರಿಯಾಗಿ ಕೂರುವ ಓಟದ ಬೂಟು, ಮಾಮೂಲಿ ಕೈಗಡಿಯಾರ, ಒಂದು ಸಣ್ಣ ನೋಟ್‌ಪುಸ್ತಕ, ಮನೆಯಲ್ಲಿ ತೂಕದ ಯಂತ್ರ, ಔಷಧಿ ಅಂಗಡಿಯಿಂದ ನಾಲ್ಕು ಓಆರ್‌ಎಸ್ ಪೊಟ್ಟಣ. ಇಷ್ಟು ಸಾಕು. ಬೂಟನ್ನು ಸಂಜೆ ಹೊತ್ತಿನಲ್ಲಿ ಕೊಳ್ಳಿ. ದಿನವಿಡೀ ನಿಂತ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೆಯೇ ಊದುತ್ತದೆ.

ವಯಸ್ಸು ನಲವತ್ತು ದಾಟಿದ್ದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಧೂಮಪಾನ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ವೈದ್ಯರಿಗೆ ತೋರಿಸಿಯೇ ಓಡಲು ಇಳಿಯಿರಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಓಟದ ದಿನ ಔಷಧಿ ಮತ್ತು ತಿಂಡಿಯ ಲೆಕ್ಕವನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು. ಅವರಿಗೆ ಓಟದ ನಡುವಿನ ಸುಸ್ತು, ನಡುಕ, ತಣ್ಣನೆಯ ಬೆವರು ರಕ್ತದ ಸಕ್ಕರೆ ಇಳಿದ ಲಕ್ಷಣವಾಗಿರಬಹುದು. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲೇಬೇಕು.

1. ಮೊದಲು ವೇಗ ಇಳಿಸಿ

ನನ್ನನ್ನು ಕೇಳಿದ ಹತ್ತು ಜನರಲ್ಲಿ ಏಳೆಂಟು ಜನರ ತೊಂದರೆ ಈ ಒಂದೇ ಹಂತದಲ್ಲಿ ಮುಗಿದಿದೆ. ಹೊಸಬರು ಓಡುವುದು ತೀರಾ ಜೋರಾಗಿ. ಶಾಲೆಯಲ್ಲಿ ನೂರು ಮೀಟರ್ ಓಡಿದ ನೆನಪು ಮಾತ್ರ ಮೈಯಲ್ಲಿ ಉಳಿದಿರುತ್ತದೆ, ಓಟ ಎಂದರೆ ಅದೇ ಎಂದು ಕಾಲು ತಿಳಿದುಕೊಂಡಿರುತ್ತದೆ.

ನಿಮ್ಮ ವೇಗ ಸರಿಯೇ ಎಂದು ನೋಡಲು ಮಗ್ಗಿ ಹೇಳಿ. ಓಡುತ್ತಲೇ ಬಾಯಿಬಿಟ್ಟು "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು" ಎನ್ನಿ. ಒಂದೇ ಉಸಿರಿಗೆ ಎರಡು ಮೂರು ಸಾಲು ಬಂದರೆ ವೇಗ ಸರಿಯಾಗಿದೆ. ಒಂದು ಸಾಲಿಗೇ ಉಸಿರು ಕಡಿದರೆ ಜೋರಾಯಿತು. "ಏಳೊಂದ್ಲ" ಎನ್ನುವಷ್ಟರಲ್ಲಿ ಗಾಳಿ ಬೇಕೆನಿಸಿದರೆ ಆ ಕ್ಷಣವೇ ನಡಿಗೆಗೆ ಇಳಿಯಿರಿ. ಸಾವಿರಾರು ರೂಪಾಯಿಯ ಗಡಿಯಾರ ಹೇಳುವುದನ್ನು ಈ ಮಗ್ಗಿ ಬಿಟ್ಟಿಯಾಗಿ ಹೇಳುತ್ತದೆ.

ಇದರ ಹಿಂದಿನ ಕಾರಣ ಹೀಗಿದೆ. ನಿಧಾನವಾಗಿ ಓಡುವಾಗ ಸ್ನಾಯುಗಳು ಬೇಕಾದಷ್ಟು ಆಮ್ಲಜನಕ ಪಡೆದು ಕೊಬ್ಬು ಮತ್ತು ಸಕ್ಕರೆ ಎರಡನ್ನೂ ಉರಿಸುತ್ತವೆ. ವೇಗ ಒಂದು ಮಿತಿ ದಾಟಿದರೆ ಆಮ್ಲಜನಕ ಸಾಲದೆ ಗ್ಲೈಕೊಜೆನ್ ಬೇಗನೆ ಖರ್ಚಾಗತೊಡಗುತ್ತದೆ. ಗ್ಲೈಕೊಜೆನ್ ಎಂದರೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ. ಜೊತೆಗೆ ಏದುಸಿರು ಬಂದು ಕಾಲು ಸೀಸದಂತಾಗುತ್ತದೆ. ನಿಧಾನವಾಗಿ ಓಡಿದ ತಿಂಗಳುಗಳಲ್ಲಿ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ. ಈ ಕಲಿಕೆಗೆ ಅವಸರವಿಲ್ಲ. ಎಲುಬು, ಸ್ನಾಯುರಜ್ಜುಗಳಿಗಂತೂ ಇನ್ನೂ ಹೆಚ್ಚು ಸಮಯ ಬೇಕು. ಉಸಿರು ಸುಧಾರಿಸಿತೆಂದು ಮೂರನೆಯ ವಾರ ಜೋರು ಮಾಡಿದವರ ಮೊಣಕಾಲ ಕೆಳಗಿನ ಎಲುಬು ನೋಯುವುದು ಇದಕ್ಕೇ.

ಓಡುವುದನ್ನೂ ನಡೆಯುವುದನ್ನೂ ಬೆರೆಸಿ. ಮೊದಲ ವಾರ ಐದು ನಿಮಿಷ ಬಿರುಸು ನಡಿಗೆ, ಆಮೇಲೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮುಂದಿನ ವಾರಗಳಲ್ಲಿ ಓಟದ ನಿಮಿಷ ಹೆಚ್ಚಿಸುತ್ತಾ ನಡಿಗೆಯ ನಿಮಿಷ ಕಡಿಮೆ ಮಾಡಿ. ಒಂದು ವಾರ ಕಷ್ಟವೆನಿಸಿದರೆ ಅದನ್ನೇ ಮತ್ತೊಂದು ವಾರ ಮಾಡಿ. ಎರಡು ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡುವವರಿದ್ದಾರೆ, ನಾಲ್ಕು ತಿಂಗಳು ತೆಗೆದುಕೊಂಡವರೂ ಇದ್ದಾರೆ. ನಡೆಯುವುದು ನಾಚಿಕೆಯ ಮಾತು ಎಂದು ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳಿದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಎಚ್ಚರಿಕೆ: ಪೇಸ್ ಎಂಬ ಮಾತು ಕೇಳುತ್ತೀರಿ. ಒಂದು ಕಿಲೋಮೀಟರ್‌ಗೆ ಎಷ್ಟು ನಿಮಿಷ ಹಿಡಿಯಿತು ಎಂಬ ಲೆಕ್ಕ ಅದು. ಮೊದಲ ಮೂರು ತಿಂಗಳು ಅದನ್ನು ನೋಡಬೇಡಿ. ಮೊಬೈಲ್‌ನಲ್ಲಿ ಗೆಳೆಯರ ಪೇಸ್ ನೋಡಿ ತಮ್ಮ ಓಟವನ್ನು ಕೆಡಿಸಿಕೊಂಡವರನ್ನು ತುಂಬ ಕಂಡಿದ್ದೇನೆ.

2. ಮೊದಲ ಹತ್ತು ನಿಮಿಷವನ್ನು ನಂಬಬೇಡಿ

ಓಟದ ಆರಂಭದಲ್ಲಿ ಎಲ್ಲರಿಗೂ ಕಷ್ಟವೇ. ಕಾಲು ಕೆಲಸ ಶುರು ಮಾಡುವುದು ತಕ್ಷಣ. ಉಸಿರು, ಹೃದಯ, ರಕ್ತಸಂಚಾರ ಆ ಕೆಲಸಕ್ಕೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಆ ಅಂತರದಲ್ಲಿ "ಇವತ್ತು ಆಗುವುದಿಲ್ಲ" ಎಂದು ಮನಸ್ಸು ಹೇಳುತ್ತದೆ. ಹತ್ತು ನಿಮಿಷ ಅತಿ ನಿಧಾನವಾಗಿ ಓಡಿ, ಬೇಕಾದರೆ ನಡೆದು, ಆಮೇಲೆ ನಿರ್ಧಾರ ಮಾಡಿ. ಹತ್ತು ನಿಮಿಷದ ನಂತರವೂ ಮೈ ಬೇಡವೆಂದರೆ ಮನೆಗೆ ಹೋಗಿ. ಅದರಲ್ಲಿ ಸೋಲೇನೂ ಇಲ್ಲ.

3. ಮುಂಬಯಿಯ ಸೆಖೆಯ ಲೆಕ್ಕ ಹಿಡಿಯಿರಿ

"ಊರಿಗೆ ಹೋದಾಗ ಧಾರವಾಡದಲ್ಲಿ ಆರು ಕಿಲೋಮೀಟರ್ ಸಲೀಸಾಗಿ ಓಡಿದೆ, ಇಲ್ಲಿ ಮೂರಕ್ಕೇ ಏದುಸಿರು" ಎನ್ನುವವರು ಬಹಳ. ಪುಣೆಗೆ ಹೋಗಿ ಬಂದವರೂ ಇದನ್ನೇ ಹೇಳುತ್ತಾರೆ. ಅವರ ಶಕ್ತಿ ಘಾಟಿ ಇಳಿಯುವಾಗ ಕಳೆದುಹೋದದ್ದಲ್ಲ, ಇಲ್ಲಿಯ ಗಾಳಿ ಬೇರೆ.

ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯ ಬಹುಪಾಲು ಶಾಖವಾಗುತ್ತದೆ. ಅದನ್ನು ಹೊರಹಾಕಲು ಮೈ ಬೆವರುತ್ತದೆ. ಆದರೆ ಬೆವರು ಸುರಿದರೆ ಮೈ ತಣಿಯುವುದಿಲ್ಲ, ಬೆವರು ಆರಿದರೆ ಮಾತ್ರ ತಣಿಯುತ್ತದೆ. ಬಯಲುಸೀಮೆಯ ಒಣ ಗಾಳಿಯಲ್ಲಿ ಬೆವರು ಕಂಡೂ ಕಾಣದಂತೆ ಆರಿಹೋಗುತ್ತದೆ. ಇಲ್ಲಿ ಗಾಳಿಯೇ ನೀರು ಕುಡಿದು ಕುಳಿತಿರುವುದರಿಂದ ಮೊಣಕೈ ತುದಿಯಿಂದ ತೊಟ್ಟಿಕ್ಕುತ್ತದೆ, ಬನಿಯನ್ ಹಿಂಡಿದರೆ ಸುರಿಯುತ್ತದೆ, ಮೈ ಮಾತ್ರ ಕಾದೇ ಇರುತ್ತದೆ. ಆಗ ಹೃದಯ ಕಾಲಿಗೂ ರಕ್ತ ಕಳಿಸಬೇಕು, ತಣಿಸಲು ಚರ್ಮಕ್ಕೂ ಕಳಿಸಬೇಕು. ಅದೇ ವೇಗಕ್ಕೆ ಬಡಿತ ಏರುವುದು ಹೀಗೆ. ಉಡುಪಿ, ಮಂಗಳೂರು ಕಡೆಯಿಂದ ಬಂದವರಿಗೆ ಈ ಸೆಖೆ ಹೊಸದಲ್ಲ, ಆದರೂ ಅದರಲ್ಲಿ ಓಡುವುದು ಅವರಿಗೂ ಹೊಸದೇ.

ಮಾಡಬೇಕಾದದ್ದು: ಬಿಸಿಲೇರುವ ಮುನ್ನ ಓಡಿ. ಬೆಳಿಗ್ಗೆ ಗಾಳಿಯ ತೇವಾಂಶ ಹೆಚ್ಚೇ ಇದ್ದರೂ ಬಿಸಿಲಿಲ್ಲದಿರುವುದು ದೊಡ್ಡ ಅನುಕೂಲ. ಮಾಟುಂಗದ ಫೈವ್ ಗಾರ್ಡನ್ಸ್‌ನಂತಹ ಮರಗಳಿರುವ ಕಡೆ ಆರಿಸಿಕೊಳ್ಳಿ. ಮಾರ್ಚ್‌ನಿಂದ ಮೇ ಮತ್ತು ಅಕ್ಟೋಬರ್‌ನಲ್ಲಿ ವೇಗ ಇಳಿಸಿ, ಹೊತ್ತನ್ನು ಮಾತ್ರ ಲೆಕ್ಕ ಹಾಕಿ, ದೂರವನ್ನು ಬಿಡಿ. ಸೆಖೆಗೆ ಮೈ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಊರಲ್ಲಿ ತಿಂಗಳು ಇದ್ದು ಬಂದರೂ ಆ ದಿನಗಳನ್ನು ಮತ್ತೆ ಕೊಡಬೇಕಾಗುತ್ತದೆ.

ನೀರಿನ ಲೆಕ್ಕಕ್ಕೆ ತೂಕದ ಯಂತ್ರ. ಒಂದು ದಿನ ಓಡುವ ಮುನ್ನ ಮತ್ತು ಓಡಿ ಬಂದು ಬೆವರು ಒರೆಸಿದ ಮೇಲೆ, ಎರಡು ಸಲವೂ ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಕಡಿಮೆಯಾದ ಪ್ರತಿ ಕಿಲೋ ಸುಮಾರು ಒಂದು ಲೀಟರ್ ನೀರು. ಒಬ್ಬೊಬ್ಬರ ಬೆವರು ಒಂದೊಂದು ರೀತಿ, ನಿಮ್ಮದನ್ನು ನೀವೇ ಅಳೆಯಬೇಕು. ಆ ನೀರನ್ನು ಮುಂದಿನ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಅರ್ಧ ಗಂಟೆಯ ಓಟಕ್ಕೆ ನೀರು, ಉಪ್ಪು ಹಾಕಿದ ಮಜ್ಜಿಗೆ ಸಾಕು. ಒಂದು ಗಂಟೆ ಮೀರಿದರೆ, ಅಂಗಿಯ ಮೇಲೆ ಬಿಳಿಯ ಉಪ್ಪಿನ ಗೆರೆ ಮೂಡುವವರಾದರೆ ಓಆರ್‌ಎಸ್ ಒಳ್ಳೆಯದು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರಬೇಕು. ಒಂದು ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಅದರಲ್ಲಿರುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿ.

ಎಚ್ಚರಿಕೆ: ಹೆದರಿಕೆಯಿಂದ ಲೀಟರ್‌ಗಟ್ಟಲೆ ನೀರು ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ಓಡಿದ ಮೇಲೆ ತೂಕ ಹೆಚ್ಚಾಗಿದ್ದರೆ ನೀವು ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ.

4. ನಿನ್ನೆಯ ದಿನವನ್ನು ಓದಿ

ಡೊಂಬಿವಲಿಯ ಒಬ್ಬ ತಂಗಿ ತನ್ನ ಓಟದ ಪುಸ್ತಕವನ್ನು ನನಗೆ ತೋರಿಸಿದಳು. ಏಳು ವಾರದ ಬರಹ. ಐದು ಬುಧವಾರಗಳ ಮುಂದೆ "ಕಾಲು ಭಾರ" ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಓಟದ ಯೋಜನೆಯಲ್ಲಿ ಬುಧವಾರವೇ ಅತ್ಯಂತ ಹಗುರ ದಿನ. ಮಂಗಳವಾರ ಏನಾಗುತ್ತದೆ ಎಂದು ಕೇಳಿದೆ. ಮಂಗಳವಾರ ಕಚೇರಿಯಲ್ಲಿ ಸಂಜೆಯ ಸಭೆ, ಒಂಬತ್ತರ ಗಾಡಿ, ಥಾಣೆಯವರೆಗೆ ನಿಂತೇ ಪ್ರಯಾಣ, ಹತ್ತೂವರೆಗೆ ಊಟ, ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವುದು. ಓಟವನ್ನು ಗುರುವಾರಕ್ಕೆ ಬದಲಿಸಿದಳು, ಅಷ್ಟೇ.

ನಮ್ಮ ಊರಿನ ಓಟಗಾರನ ಅರ್ಧ ದಣಿವು ಓಟದ ಹಾದಿಯದ್ದಲ್ಲ, ಲೋಕಲ್ ಗಾಡಿಯದ್ದು. ಹೋಟೆಲ್ ಗಲ್ಲಾದಲ್ಲಿ ಕುಳಿತವರು, ಅಡುಗೆಮನೆಯಲ್ಲಿ ಹತ್ತು ಗಂಟೆ ನಿಂತವರು, ಕಲ್ಯಾಣದಿಂದ ಫೋರ್ಟ್ ಪ್ರದೇಶಕ್ಕೆ ದಿನವೂ ಹೋಗಿಬರುವವರು ಆ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಆದ್ದರಿಂದ ಪುಸ್ತಕದಲ್ಲಿ ದಿನಕ್ಕೆ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಗಂಟೆ ನಿದ್ದೆ, ರಾತ್ರಿ ಊಟ ಎಷ್ಟು ಹೊತ್ತಿಗೆ, ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದ ನಾಡಿ, ಓಟ ಹೇಗಿತ್ತು ಎಂದು ಒಂದು ಮಾತು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ನಾಡಿ ಸಿಗುತ್ತದೆ. ಅದು ಎಂದಿಗಿಂತ ಏಳೆಂಟು ಹೆಚ್ಚಾಗಿ ಎರಡು ಮೂರು ದಿನ ನಿಂತರೆ ಮೈ ಇನ್ನೂ ಸುಧಾರಿಸಿಕೊಂಡಿಲ್ಲ, ಅಥವಾ ಜ್ವರವೇನೋ ಬರುವುದರಲ್ಲಿದೆ. ಆ ದಿನ ನಡೆಯಿರಿ.

ನಿದ್ದೆ ಐದು ಗಂಟೆಗಿಂತ ಕಡಿಮೆಯಾದ ದಿನ ಓಟ ಬೇಡ, ಆ ಒಂದು ಗಂಟೆ ಮಲಗಿ. ಈ ಮಾತು ಹೇಳಿದಾಗ ಹೊಸಬರಿಗೆ ಬೇಸರವಾಗುತ್ತದೆ, ಆದರೂ ಒತ್ತಿ ಹೇಳುತ್ತೇನೆ: ಓಟ ಮೈಯನ್ನು ಕೆಡವುತ್ತದೆ, ನಿದ್ದೆ ಕಟ್ಟುತ್ತದೆ.

ತಿಂಡಿಯ ವಿಷಯ ಸರಳ. ಅರ್ಧ ಗಂಟೆಯ ಓಟಕ್ಕೆ ರಾತ್ರಿಯ ಊಟವೇ ಸಾಕು. ಖಾಲಿ ಹೊಟ್ಟೆಯಲ್ಲಿ ತಲೆ ಹಗುರವಾಗುವವರು ಇಪ್ಪತ್ತು ನಿಮಿಷ ಮೊದಲು ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ ತಿನ್ನಿ. ಓಡಿ ಬಂದ ಒಂದು ಗಂಟೆಯೊಳಗೆ ಅನ್ನವೋ ಇಡ್ಲಿಯೋ ಅವಲಕ್ಕಿಯೋ, ಜೊತೆಗೆ ಬೇಳೆ, ಮೊಳಕೆಕಾಳು, ಮೊಟ್ಟೆ, ಮೊಸರು ಯಾವುದಾದರೂ ಇರಲಿ. ತೂಕ ಇಳಿಸಬೇಕೆಂದು ಓಟ ಶುರುಮಾಡಿ ಅದೇ ವಾರ ಊಟವನ್ನೂ ಅರ್ಧ ಮಾಡುವವರಿಗೆ ಮೂರನೆಯ ವಾರದ ಸುಸ್ತು ಕಟ್ಟಿಟ್ಟ ಬುತ್ತಿ.

5. ಓಟದ ನಡುವೆ ಸುಸ್ತು ಬಂದಾಗ

ಇಲ್ಲಿ ಕ್ರಮವಾಗಿ ಮಾಡಿ.

ಮೊದಲು ವೇಗ ಇಳಿಸಿ, ನಿಲ್ಲಬೇಡಿ. ಒಮ್ಮೆಲೇ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗಬಹುದು.

ಉಸಿರನ್ನು ಪೂರ್ತಿ ಹೊರಬಿಡಿ. ದಣಿದವರು ಒಳಗೆ ಎಳೆಯುವುದರಲ್ಲೇ ಇರುತ್ತಾರೆ, ಹೊರಬಿಡುವುದನ್ನು ಮರೆಯುತ್ತಾರೆ. ನಾಲ್ಕೈದು ಸಲ ದೀರ್ಘವಾಗಿ ಬಿಟ್ಟರೆ ಎದೆ ಸಡಿಲವಾಗುತ್ತದೆ.

ಕೈ ನೋಡಿಕೊಳ್ಳಿ. ಮುಷ್ಟಿ ಬಿಗಿದಿರುತ್ತದೆ, ಭುಜ ಕಿವಿಯವರೆಗೆ ಏರಿರುತ್ತದೆ. ಬೆರಳುಗಳ ನಡುವೆ ಒಂದು ಹಪ್ಪಳ ಹಿಡಿದಿದ್ದೀರಿ, ಅದು ಮುರಿಯಬಾರದು ಎಂದುಕೊಳ್ಳಿ. ಭುಜ ತಾನೇ ಇಳಿಯುತ್ತದೆ. ಹೆಜ್ಜೆ ಚಿಕ್ಕದು ಮಾಡಿ. ದಣಿದಾಗ ಉದ್ದ ಹೆಜ್ಜೆ ಹಾಕಿದರೆ ಪ್ರತಿ ಹೆಜ್ಜೆಯೂ ಮೊಣಕಾಲಿಗೆ ಪೆಟ್ಟು.

ಆಮೇಲೆ ದೂರವನ್ನು ತುಂಡು ಮಾಡಿ. ಮರೀನ್ ಡ್ರೈವ್‌ನಲ್ಲಿ ನಾರಿಮನ್ ಪಾಯಿಂಟ್‌ನಿಂದ ಹೊರಟರೆ ಗಿರ್ಗಾಂವ್ ಚೌಪಾಟಿ ಅರ್ಧಚಂದ್ರಾಕಾರದಲ್ಲಿ ಮೊದಲೇ ಕಣ್ಣಿಗೆ ಬೀಳುತ್ತದೆ, ಎಷ್ಟು ಓಡಿದರೂ ಹತ್ತಿರ ಬರುವುದಿಲ್ಲ. ಹೊಸಬರ ಎದೆ ಕುಗ್ಗುವುದು ಅಲ್ಲೇ. ದೂರದ ಕಟ್ಟಡಗಳನ್ನು ನೋಡಬೇಡಿ. ಮುಂದಿನ ದೀಪದ ಕಂಬ ನೋಡಿ. ಒಂದು ಕಂಬದವರೆಗೆ ಓಟ, ಅಲ್ಲಿಂದ ಮುಂದಿನದಕ್ಕೆ ನಡಿಗೆ, ಮತ್ತೆ ಓಟ. ಐದು ಕಂಬ ಕಳೆಯುವಷ್ಟರಲ್ಲಿ ಉಸಿರು ಹತೋಟಿಗೆ ಬಂದರೆ ಅದು ವೇಗದ ಸುಸ್ತು, ಮೆಲ್ಲಗೆ ಮುಂದುವರಿಯಬಹುದು. ಬರದಿದ್ದರೆ ಆ ದಿನಕ್ಕೆ ಸಾಕು. ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್ ನಿಲ್ದಾಣಗಳು ಪಕ್ಕದಲ್ಲೇ ಇವೆ. ಜೇಬಿನಲ್ಲಿ ಗಾಡಿ ಟಿಕೆಟ್‌ನ ಹಣ ಇಟ್ಟುಕೊಂಡೇ ಓಡಿ.

ಇದೇ ಕಾರಣಕ್ಕೆ ಮೊದಲ ಎರಡು ತಿಂಗಳು ನೇರ ಹಾದಿಗಿಂತ ಸುತ್ತು ಹಾದಿ ಮೇಲು. ದಾದರ್‌ನ ಶಿವಾಜಿ ಪಾರ್ಕ್ ಸುತ್ತಿನಲ್ಲಿ ಎಲ್ಲಿ ಸೋತರೂ ಮನೆಗೆ ಹೋಗುವ ದಾರಿ ಅಷ್ಟೇ ದೂರ. ನೇರ ಹಾದಿಯಲ್ಲಿ ಉತ್ಸಾಹದಿಂದ ಹೋದಷ್ಟೇ ದೂರ ದಣಿದು ವಾಪಸಾಗಬೇಕು.

ಪಕ್ಕೆ ಹಿಡಿದುಕೊಂಡರೆ ನಡಿಗೆಗೆ ಇಳಿದು, ನೋಯುವ ಜಾಗವನ್ನು ಬೆರಳಿನಿಂದ ಒತ್ತಿ, ಸ್ವಲ್ಪ ಮುಂದೆ ಬಾಗಿ ದೀರ್ಘವಾಗಿ ಉಸಿರು ಬಿಡಿ. ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ಬಿಡುತ್ತದೆ. ಹೊಟ್ಟೆ ತುಂಬ ತಿಂದು ಅಥವಾ ಸಿಹಿ ಪಾನೀಯ ಕುಡಿದು ಓಡಿದವರಿಗೆ ಇದು ಹೆಚ್ಚು.

ಏರು ಬಂದರೆ ವೇಗವನ್ನು ಮರೆತುಬಿಡಿ. ಪೆಡ್ಡರ್ ರಸ್ತೆಯ ಏರಿರಲಿ, ನಿಮ್ಮ ಬಡಾವಣೆಯ ಮೇಲ್ಸೇತುವೆಯಿರಲಿ, ಉಸಿರಿನ ಶ್ರಮ ಸಮತಟ್ಟಿನಲ್ಲಿ ಎಷ್ಟಿತ್ತೋ ಅಷ್ಟೇ ಇರಬೇಕು. ಅದಕ್ಕೆ ನಡೆಯಬೇಕಾದರೆ ನಡೆಯಿರಿ.

6. ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಇವುಗಳಲ್ಲಿ ಯಾವುದೂ ಸುಸ್ತಲ್ಲ, ಓಡಿ ದಾಟಿಸುವ ಮಾತೇ ಇಲ್ಲ.

ಎದೆಯಲ್ಲಿ ಬಿಗಿತ, ಭಾರ ಅಥವಾ ನೋವು; ಅದು ದವಡೆಗೋ ತೋಳಿಗೋ ಬೆನ್ನಿಗೋ ಹರಿಯುವುದು. ಕಣ್ಣು ಕತ್ತಲೆ ಬರುವುದು, ಪ್ರಜ್ಞೆ ತಪ್ಪುವಂತಾಗುವುದು. ಎದೆಬಡಿತ ತಾಳ ತಪ್ಪಿ ಹಾರಿದಂತಾಗುವುದು. ಕೂಡಲೇ ಕುಳಿತುಕೊಳ್ಳಿ, ಪಕ್ಕದವರನ್ನು ಕರೆಯಿರಿ, 108 ಅಥವಾ 112ಕ್ಕೆ ಕರೆ ಮಾಡಿಸಿ. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಮನೆಗೆ ನಡೆದು ಹೋಗಬೇಡಿ.

ಸೆಖೆಯಲ್ಲಿ ಓಡುತ್ತಿದ್ದವರು ಅಸಂಬದ್ಧವಾಗಿ ಮಾತಾಡಿದರೆ, ತೂರಾಡಿದರೆ, ಮೈ ಕೆಂಡದಂತಿದ್ದರೆ ಅದು ಶಾಖಾಘಾತ ಎಂದೇ ತಿಳಿಯಿರಿ. ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಮೆದುಳಿಗೆ ಪೆಟ್ಟು ಬೀಳುವ ಸ್ಥಿತಿ ಅದು. ಬೆವರು ಇದ್ದರೂ ಆಗಬಹುದು. ನೆರಳಿಗೆ ಒಯ್ದು, ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಂಬುಲೆನ್ಸ್ ಕರೆಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಎಲುಬಿನ ಮೇಲೆ ಒಂದೇ ಬಿಂದುವಿನಲ್ಲಿ, ಬೆರಳ ತುದಿಯಿಂದ ತೋರಿಸುವಷ್ಟು ನಿಖರವಾದ ನೋವು, ಓಡಿದಂತೆಲ್ಲ ಹೆಚ್ಚುವ ನೋವು ಎಲುಬಿನಲ್ಲಿ ಕೂದಲೆಳೆಯ ಬಿರುಕಿನ ಗುರುತಾಗಿರಬಹುದು. ಅದನ್ನು ಮೂಳೆ ವೈದ್ಯರಿಗೆ ತೋರಿಸುವವರೆಗೆ ಓಟವಿಲ್ಲ.

7. ಓಟ ಮುಗಿದ ಮೇಲಿನ ಎರಡು ದಿನ

ಕೊನೆಯ ಐದು ನಿಮಿಷ ನಡೆದು ಮುಗಿಸಿ. ಮರುದಿನವೂ ಅದರ ಮರುದಿನವೂ ತೊಡೆ, ಮೀನಖಂಡ ನೋಯಬಹುದು, ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಓಟಗಾರರು ಇದನ್ನು ಡಾಮ್ಸ್ ಎನ್ನುತ್ತಾರೆ, ತಡವಾಗಿ ಬರುವ ಸ್ನಾಯುನೋವು. ಹೊಸ ಶ್ರಮಕ್ಕೆ ಸ್ನಾಯುವಿನ ಎಳೆಗಳಲ್ಲಿ ಆದ ಅತಿ ಸಣ್ಣ ಗಾಯ ಅದು. ಎರಡೂ ಕಾಲಿನಲ್ಲಿ ಹರಡಿಕೊಂಡಿರುತ್ತದೆ, ಒಂದರಿಂದ ಮೂರು ದಿನ ಜೋರಾಗಿದ್ದು ಆಮೇಲೆ ಇಳಿಯುತ್ತದೆ. ಹಗುರವಾಗಿ ನಡೆದರೆ ಹಿತ. ಒಂದೇ ಕಾಲಿನಲ್ಲಿ ನೋವು, ಊತ, ಕುಂಟು ಇದ್ದರೆ ಅದು ಡಾಮ್ಸ್ ಅಲ್ಲ.

ಎಚ್ಚರಿಕೆ: ನೋವಿನ ಮಾತ್ರೆ ನುಂಗಿ ಓಡಲು ಹೊರಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಗೆಯ ಮಾತ್ರೆಗಳು, ಬೆವರಿ ನೀರು ಕಳೆದುಕೊಂಡ ಮೈ ಎರಡೂ ಸೇರಿದರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ನೋವು ಮುಚ್ಚಿಹೋಗಿ ಗಾಯ ದೊಡ್ಡದಾಗುವುದು ಬೇರೆ.

ಮೂರು ವಾರ ಹೆಚ್ಚಿಸುತ್ತಾ ಹೋದರೆ ನಾಲ್ಕನೆಯ ವಾರ ಮೂರರಲ್ಲೊಂದು ಪಾಲು ಕಡಿಮೆ ಓಡಿ. ವಾರಕ್ಕೆ ಹತ್ತು ಪ್ರತಿಶತಕ್ಕಿಂತ ಹೆಚ್ಚಿಸಬೇಡಿ ಎಂಬ ಮಾತು ಓಟಗಾರರಲ್ಲಿ ಬಳಕೆಯಲ್ಲಿದೆ. ಅದು ಕಲ್ಲಿನ ಮೇಲೆ ಕೊರೆದ ನಿಯಮವೇನಲ್ಲ, ಅವಸರಕ್ಕೆ ಲಗಾಮು ಎಂದು ಇಟ್ಟುಕೊಂಡರೆ ಸಾಕು.

8. ವಾರಗಳು ಕಳೆದರೂ ಸುಸ್ತು ಹೋಗದಿದ್ದರೆ

ಮೇಲಿನ ಎಲ್ಲವನ್ನೂ ಸರಿಮಾಡಿ, ಒಂದು ವಾರ ಪೂರ್ತಿ ವಿಶ್ರಾಂತಿ ತೆಗೆದುಕೊಂಡು ಮತ್ತೆ ಓಡಿದಾಗಲೂ ಮೊದಲಿನಂತೆಯೇ ಸುಸ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ 57 ಪ್ರತಿಶತ ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಎಂಥ ಮನೋಬಲವೂ ಮೂರು ಕಿಲೋಮೀಟರ್ ದಾಟಿಸುವುದಿಲ್ಲ. "ನನಗೆ ಹಟವಿಲ್ಲ, ನಾನು ಸೋಮಾರಿ" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದವರ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂಬತ್ತು ಎಂದು ಬಂದದ್ದನ್ನು ನೋಡಿ ನನಗೆ ಸಂಕಟವಾಗಿದೆ.

ವೈದ್ಯರ ಬಳಿ ಕೇಳಬೇಕಾದವು: ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್‌ಗೆ ಟಿಎಸ್‌ಎಚ್, ರಕ್ತದ ಸಕ್ಕರೆ. ಫೆರಿಟಿನ್ ಎಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ; ಹಿಮೋಗ್ಲೋಬಿನ್ ಸರಿಯಿದ್ದಾಗಲೂ ಇದು ಬರಿದಾಗಿರಬಹುದು. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ. ಕಬ್ಬಿಣದ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬೇಡಿ. ಊಟದ ಜೊತೆ ಚಹಾ, ಕಾಫಿ ಕುಡಿಯುವುದನ್ನು ಒಂದು ಗಂಟೆ ಮುಂದೂಡಿ, ಕಾಳಿಗೂ ಸೊಪ್ಪಿಗೂ ನಿಂಬೆ ಹಿಂಡಿ. ಕಬ್ಬಿಣ ಮೈಗೆ ಹತ್ತಲು ಇವೆರಡೂ ನೆರವಾಗುತ್ತವೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೆಂಗಿ, ಮಲೇರಿಯಾ ಎರಡೂ ಈ ನಗರದಲ್ಲಿ ಓಡಾಡುತ್ತಿರುತ್ತವೆ. ಜ್ವರವಿರುವಾಗ ಓಡಲೇಬಾರದು, ವೈರಾಣು ಹೃದಯದ ಸ್ನಾಯುವಿಗೂ ತಗಲಿರಬಹುದು, ಆಗ ಓಟ ಪ್ರಾಣಕ್ಕೇ ಅಪಾಯ. ಜ್ವರ ಬಿಟ್ಟ ಮೇಲೂ ಡೆಂಗಿಯ ಬಳಲಿಕೆ ವಾರಗಟ್ಟಲೆ ಉಳಿಯುತ್ತದೆ, ವೈದ್ಯರು ಒಪ್ಪಿದ ಮೇಲೆ ನಡಿಗೆಯಿಂದ ಶುರುಮಾಡಿ. ಮೊಣಕಾಲುದ್ದ ನಿಂತ ನೀರಿನಲ್ಲಿ ಓಡಬೇಡಿ. ಇಲಿಯ ಮೂತ್ರ ಬೆರೆತ ಆ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಬರುತ್ತದೆ. ಅನಿವಾರ್ಯವಾಗಿ ನೀರಿಗೆ ಇಳಿದಿದ್ದರೆ ಕಾಲನ್ನು ಸಾಬೂನಿನಿಂದ ತೊಳೆದು, ಗಾಯವಿದ್ದರೆ ಅದೇ ದಿನ ವೈದ್ಯರನ್ನು ಕಂಡು ತಡೆ ಔಷಧಿ ಬೇಕೇ ಎಂದು ಕೇಳಿ.

ಚಳಿಗಾಲದಲ್ಲಿ ಹೊಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಿ. 200 ದಾಟಿದ ದಿನ ಹೊರಗೆ ಓಡಬೇಡಿ, ಕಟ್ಟಡದ ಮೆಟ್ಟಿಲನ್ನು ನಿಧಾನವಾಗಿ ಹತ್ತಿ ಇಳಿಯಿರಿ. ಆಸ್ತಮಾ ಇರುವವರು 100 ದಾಟಿದಾಗಲೇ ಎಚ್ಚರವಾಗಿರಿ.

9. ಕೆಟ್ಟ ಓಟದ ನಂತರದ ಓಟ

ಒಂದು ಓಟ ಕೆಟ್ಟಿತೆಂದು ಮರುದಿನವೇ ಸೇಡು ತೀರಿಸಿಕೊಳ್ಳುವಂತೆ ಹೋಗಬೇಡಿ. ಒಂದು ದಿನ ಬಿಡಿ. ಮುಂದಿನ ಓಟ ಇಪ್ಪತ್ತೇ ನಿಮಿಷ ಇರಲಿ, ಗಡಿಯಾರ ಮನೆಯಲ್ಲೇ ಇರಲಿ, ಹಾದಿ ನಿಮಗೆ ತುಂಬ ಪರಿಚಯದ್ದಾಗಿರಲಿ. ಜೊತೆಗೆ ಮಾತಾಡುತ್ತಾ ಓಡುವವರು ಯಾರಾದರೂ ಸಿಕ್ಕರೆ ಇನ್ನೂ ಒಳ್ಳೆಯದು; ಮಾತು ನಿಲ್ಲದಿದ್ದರೆ ವೇಗ ತಾನೇ ಸರಿಯಾಗಿರುತ್ತದೆ, ಮಗ್ಗಿಯೂ ಬೇಕಿಲ್ಲ. ಸತತ ಮೂರು ಓಟ ಕೆಟ್ಟರೆ ಪುಸ್ತಕ ತೆರೆದು ಹಿಂದಿನ ಎರಡು ವಾರದ ನಿದ್ದೆ, ಊಟ, ನಾಡಿ ಓದಿ. ಉತ್ತರ ಅಲ್ಲಿ ಸಿಗದಿದ್ದರೆ ಎಂಟನೆಯ ಹಂತಕ್ಕೆ ಹೋಗಿ.

ಎರಡು ವಾರಕ್ಕಿಂತ ಹೆಚ್ಚು ಬಿಟ್ಟು ಮರಳುವವರು ಬಿಟ್ಟಲ್ಲಿಂದ ಹಿಡಿಯಬೇಡಿ, ಅದರ ಅರ್ಧದಿಂದ ಶುರುಮಾಡಿ. ತಿಂಗಳು ಮೀರಿದ್ದರೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಎರಡನೆಯ ಸಲ ಅದೇ ಹಾದಿ ಬೇಗ ಸಾಗುತ್ತದೆ.